ಸಭೆಗೆ ಕರೆದವನು

ಹುಮನಾಬಾದಿನ ಹತ್ತಿರದ ನಮ್ಮೂರಲ್ಲಿ ಅಪ್ಪ ಡಂಗುರ ಸಾರುತ್ತಿದ್ದ. ಪಂಚಾಯಿತಿ ಸೇರುವಾಗ ಹಲಗೆ ಬಾರಿಸುತ್ತ ಓಣಿ ಓಣಿ ತಿರುಗಿ ಮಂದಿಯನ್ನು ಕರೆಯುವುದು ನಮ್ಮ ಮನೆತನಕ್ಕೆ ಬಂದ ಕೆಲಸ. ಎಲ್ಲರೂ ಚಾವಡಿ ಕಟ್ಟೆಯ ಮೇಲೆ ಕೂತರೆ ಅಪ್ಪ ಮಾತ್ರ ಕೆಳಗೆ, ಚಪ್ಪಲಿಗಳ ಆಚೆ ನಿಲ್ಲುತ್ತಿದ್ದ. ನಾವು ಊರ ಹೊರಗಿನ ಕೇರಿಯವರು.

ನಿಜಾಮನ ಆಳಿಕೆಯ ಕೊನೆಯ ವರ್ಷಗಳವು. ಕೇರಿಯ ಕೆಲವು ಮನೆಗಳು ಕ್ರೈಸ್ತ ಧರ್ಮಕ್ಕೆ ಸೇರಿದ್ದವು; ನಮ್ಮದೂ ಒಂದು. ಒಂದು ಬೇಸಿಗೆ ಅಪ್ಪ ಹುಮನಾಬಾದಿನ ಪಾದ್ರಿಯ ಬಳಿ ಪಾಠ ಕೇಳಿ ಬಂದ. ಬಂದವನೇ ಅವ್ವನ ಮುಂದೆ ಕೂತು ಒಂದೇ ಶಬ್ದದ ಬಗ್ಗೆ ಹೇಳತೊಡಗಿದ. ಕ್ರೈಸ್ತರ ಕೂಟಕ್ಕೆ ನಾವು ‘ಸಭೆ’ ಎನ್ನುತ್ತೇವಲ್ಲ, ಅದಕ್ಕೆ ಬೈಬಲಿನ ಮೂಲ ಗ್ರೀಕಿನಲ್ಲಿ ‘ಎಕ್ಲೇಸಿಯಾ’ ಎಂದಿದೆಯಂತೆ. ‘ಎಕ್’ ಎಂದರೆ ಹೊರಗೆ. ಉಳಿದದ್ದು ಕರೆಯುವುದು ಎಂಬುದರಿಂದ ಬಂದದ್ದು. ಆ ದೇಶದಲ್ಲಿ ಸಾರುವವನು ಕೂಗಿದಾಗ ಮನೆಬಿಟ್ಟು ಬಂದು ಕೂಡುತ್ತಿದ್ದ ಊರ ಮಂದಿಯ ಹೆಸರು ಅದು. ಯೇಸುವಿನವರು ಅದನ್ನೇ ತಮಗೆ ಇಟ್ಟುಕೊಂಡರು. ಉರ್ದುವಿನ ‘ಕಲೀಸಿಯಾ’ ಕೂಡ ಅದೇ ಮಾತು. ಸಭೆ ಎಂದರೆ ಕಟ್ಟಡವಲ್ಲ, ಕರೆಸಿಕೊಂಡ ಜನ.

“ಇಷ್ಟ ದಿನಾ ನಾ ಮಂದೀನ ಕರದೆ. ನನ್ನ ಯಾರೂ ಕರದಿದ್ದಿಲ್ಲ,” ಎಂದ.

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. “ಹೊರಗ ಕರದಾರ ಅಂತೀರಿ. ಒಳಗ ಯಾರ ಕರೀತಾರ್ರಿ?”

ಅಪ್ಪ ಒಲೆಗೆ ಇನ್ನೊಂದು ಕಟ್ಟಿಗೆ ಸರಿಸಿದ.

ಮಳೆಗಾಲ ಶುರುವಾಗುವ ಮೊದಲೇ ಪಾಟೀಲರು ಹೇಳಿ ಕಳಿಸಿದರು: ಡಂಗುರ ಸಾರಬೇಕು, ಧರ್ಮ ಬಿಟ್ಟವರನ್ನು ಏನು ಮಾಡುವುದೆಂದು ಚಾವಡಿಯಲ್ಲಿ ತೀರ್ಮಾನವಾಗಬೇಕು. ಧರ್ಮ ಬಿಡದಿದ್ದ ಚಿಕ್ಕಪ್ಪ ಬಂದು, ಹೋಗಬೇಡ, ನಾನು ಸಾರುತ್ತೇನೆ ಎಂದ. ಅಪ್ಪ ಕೇಳಲಿಲ್ಲ. ತನ್ನ ನ್ಯಾಯಕ್ಕೆ ತಾನೇ ಊರನ್ನು ಕರೆಯುತ್ತ ಹೋದ. ಅವನ ದನಿ ದೂರವಾಗುವುದನ್ನು ನಾನು ಅಜ್ಜಿಯ ಪಕ್ಕ ಕೂತು ಕೇಳಿದೆ. ಅಜ್ಜಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಡಂಗುರದ ಕೆಲಸಕ್ಕೆ ಸುಗ್ಗಿಯಲ್ಲಿ ಬರುತ್ತಿದ್ದ ಜೋಳದ ಪಾಲನ್ನು ಪಂಚಾಯಿತಿ ನಿಲ್ಲಿಸಿತು. ಹಲಗೆ ಚಿಕ್ಕಪ್ಪನಿಗೆ ಹೋಯಿತು. ಅವನು ನಮ್ಮ ಮನೆ ಮೆಟ್ಟಬಾರದೆಂದು ಷರತ್ತು. ಅಪ್ಪನೇ ಹಲಗೆಯನ್ನು ಅವನ ಕೈಗಿಟ್ಟ. ನಾವು ಹುಮನಾಬಾದಿಗೆ ಹೊರಟಾಗ ಅಜ್ಜಿ ಬರಲಿಲ್ಲ. ಸಾಯುವ ಕಾಲಕ್ಕೆ ಊರು ಬಿಡಲಾರೆ ಎಂದಳು.

ಅಪ್ಪನಿಗೆ ರಸ್ತೆಗೆ ಕಲ್ಲು ಒಡೆಯುವ ಕೂಲಿ ಸಿಕ್ಕಿತು. ಒಂದು ಭಾನುವಾರ ಪಾದ್ರಿ ಅವನನ್ನು ಕರೆದು, ಓಣಿಯಲ್ಲಿ ತಿರುಗಿ ಮಂದಿಯನ್ನು ಪ್ರಾರ್ಥನೆಗೆ ಕೂಗಿ ಬಾ ಎಂದರು. ಪ್ರೀತಿಯಿಂದಲೇ ಹೇಳಿದ್ದು. ಅಪ್ಪ ಓಣಿಯ ಬಾಯಿಗೆ ಹೋಗಿ ನಿಂತ. ಗಂಟಲು ಸರಿಪಡಿಸಿಕೊಂಡ. ದನಿ ಏಳಲಿಲ್ಲ. ತಲೆ ತಗ್ಗಿಸಿ ಮರಳಿ ಬಂದು ಹಿಂದಿನ ಸಾಲಿನಲ್ಲಿ ಕೂತ. ಪಾದ್ರಿ ಮತ್ತೆ ಆ ಕೆಲಸ ಹೇಳಲಿಲ್ಲ.

ಕೆಲವು ವರ್ಷಗಳ ಮೇಲೆ ಕಲ್ಯಾಣದ ಸಂತೆಯಲ್ಲಿ ಚಿಕ್ಕಪ್ಪ ಎದುರಾದ. ನಮ್ಮನ್ನು ನೋಡಿ ದಾರಿ ಬದಲಿಸಲು ಹೊರಟವನು ನಿಂತ.

“ನಮ್ಮವ್ವ ಹೋದ್ಲು, ಅಣ್ಣಾ. ಮಳಿಗಾಲದಾಗ. ನಿನಗ ಖಬರ್ ಕಳಸಾಕ ಊರಾಗ ಒಪ್ಪಲಿಲ್ಲ.”

ಅಪ್ಪ ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಚಿಕ್ಕಪ್ಪ ಅತ್ತಿತ್ತ ನೋಡಿ, ಊರವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಅವನ ಬದಿಗೆ ಕೂತ.

ಅಂದು ಅಪ್ಪ ಉಣ್ಣಲಿಲ್ಲ. ಮುಂದಿನ ಭಾನುವಾರ ಪ್ರಾರ್ಥನೆಗೂ ಹೋಗಲಿಲ್ಲ. ಅದರ ಮುಂದಿನ ವಾರ ಅವ್ವ ಅವನ ಅಂಗಿ ಒಗೆದು ಇಟ್ಟಳು, ತೊಟ್ಟುಕೊಂಡು ಪ್ರಾರ್ಥನೆಗೆ ಹೋದ.