ಎಳೆ ಎಳೆಯುವ ಕೈ

ಚೀನಾದ ಲಾಂಝೌ ನಗರದಲ್ಲಿ ನೂಡಲ್ಸಿನ ಹಿಟ್ಟು ಎಳೆಯುವುದು ಗಂಡಸರ ಕೆಲಸ. ನೂಡಲ್ಸಿನ ಅಂಗಡಿಯಿಟ್ಟಿದ್ದ ಮಿನ್ ಯೂಲಾನ್‌ಳ ಅಪ್ಪನೂ ಹಾಗೇ ನಂಬಿದ್ದ. ಗಂಡುಮಕ್ಕಳನ್ನು ಹಿಟ್ಟೆಳೆಯುವ ಹಲಗೆಯ ಮುಂದೆ ನಿಲ್ಲಿಸಿ, ಮಗಳ ಕೈಗೆ ಮೂಲಂಗಿ ಹೆಚ್ಚುವ ಚಾಕು ಕೊಟ್ಟ. ಅಣ್ಣಂದಿರು ಹರಿದು ಬಿಸಾಡಿದ ಹಿಟ್ಟನ್ನೇ ಒಟ್ಟುಮಾಡಿ ಅವಳು ಕದ್ದು ಕಲಿತಳು. ರಂಜಾನ್ ಹಬ್ಬ ಮುಗಿದ ಮಾರನೆಯ ಬೆಳಿಗ್ಗೆ ಹಿರಿಯಣ್ಣನ ಭುಜ ಉಳುಕಿ, ಗಿರಾಕಿಗಳು ಬಾಗಿಲಾಚೆವರೆಗೂ ನಿಂತಾಗ, ತಲೆವಸ್ತ್ರ ಬಿಗಿದುಕೊಂಡು ಹಲಗೆಗೆ ಬಂದಳು. ಗದರಲು ಬಾಯಿ ತೆರೆದ ಅಪ್ಪ, ಅವಳ ಕೈಯಲ್ಲಿ ಹಿಟ್ಟು ಕೂದಲಿನಂಥ ಎಳೆಯಾಗಿ ಇಳಿದದ್ದು ಕಂಡು ಕುದಿನೀರಿನ ಹಂಡೆಯ ಮುಚ್ಚಳ ಸರಿಸಿದ.

ಮದುವೆಯಾದ ಮೇಲೆ ನದಿಯ ಕಡೆಗೆ ಸ್ವಂತ ಅಂಗಡಿಯಾಯಿತು. ಸಾರು ಗಂಡ ದೆಶೆಂಗ್‌ನದು, ಎಳೆ ಯೂಲಾನ್‌ಳದು. ‘ಯೂಲಾನಕ್ಕನ ಎಳೆಯನ್ನ ಸೂಜಿಗೆ ಪೋಣಿಸಬಹುದು’ ಎಂದು ಬೀದಿಯೇ ಹೇಳುತ್ತಿತ್ತು. ಅವಳು ಇಲ್ಲವೆನ್ನುತ್ತಿರಲಿಲ್ಲ.

ಐವತ್ತು ದಾಟಿದ ಮೇಲೆ ಅವಳ ಕರುಳಿನಲ್ಲಿ ಗಡ್ಡೆ ಕಾಣಿಸಿತು. ದೊಡ್ಡಾಸ್ಪತ್ರೆಯವರು ಕ್ಯಾನ್ಸರ್ ಎಂದರು, ಆಪರೇಷನ್ ಆಗಬೇಕೆಂದರು. ಸುದ್ದಿ ಕೇಳಿ ಗಂಡನ ಅಣ್ಣ ಓಡಿಬಂದ.

“ಕತ್ತರಿ ಬಿದ್ರೆ ಗಡ್ಡೆ ಮೈಯೆಲ್ಲಾ ಹರಡುತ್ತೆ ಕಣಮ್ಮ. ಬೆಟ್ಟದ ಕಡೆ ಒಬ್ಬ ಪುಡಿ ಕೊಡ್ತಾನೆ. ನಮ್ಮ ಹಿರಿಯರ ಔಷಧಿ, ಕರಗಿಸಿಬಿಡುತ್ತೆ.”

ಯೂಲಾನ್‌ಳಿಗೂ ಕತ್ತರಿಯೆಂದರೆ ಭಯ. ಬೀದಿಯ ಫಾನ್ ವೈದ್ಯರ ಬಳಿ ಹೋದಳು. ಅವರೂ ನಾಡಿ ಹಿಡಿದು ಕಷಾಯ ಕೊಡುವವರೇ. ಮಗಳ ಕೆಮ್ಮು, ಗಂಡನ ಸೊಂಟನೋವು ಎಲ್ಲ ವಾಸಿಯಾಗಿದ್ದು ಅವರ ಕೈಯಲ್ಲೇ. ಆಸ್ಪತ್ರೆಯ ಕಾಗದ ನೋಡಿ ಅವರು ನಾಡಿ ಹಿಡಿಯಲೇ ಇಲ್ಲ.

“ನಾಳೆನೇ ಹೋಗಿ ಅಡ್ಮಿಟ್ ಆಗು.”

“ನಿಮ್ಮ ಹತ್ರ ಏನೂ ಇಲ್ವಾ ಡಾಕ್ಟ್ರೇ?”

“ಗಡ್ಡೆಗೆ ಇಲ್ಲ. ಇದೆ ಅಂದವನು ಸುಳ್ಳು ಹೇಳ್ತಾನೆ, ನನ್ನ ಗುರುಗಳೇ ಎದ್ದುಬಂದು ಹೇಳಿದ್ರೂ ಅಷ್ಟೇ. ಅದನ್ನ ಅವರು ತೆಗೀಲಿ. ಆಮೇಲೆ ನಿನಗೆ ಊಟ ಸೇರಲ್ಲ, ನಿದ್ದೆ ಬರಲ್ಲ, ಆಗ ಬಾ. ಅಲ್ಲಿ ನನಗೆ ಸ್ವಲ್ಪ ಕೆಲಸ ಇದೆ.”

ಆಪರೇಷನ್ ಆಯಿತು. ಅನಂತರ ರಕ್ತನಾಳಕ್ಕೆ ಹನಿಹನಿಯಾಗಿ ಕೀಮೋ ಮದ್ದು. ವಾಂತಿ ತಡೆಯಲು ಆಸ್ಪತ್ರೆಯ ಮಾತ್ರೆಯ ಜೊತೆಗೆ ಫಾನ್ ವೈದ್ಯರು ಕೈಗೆ, ಮೊಣಕಾಲ ಕೆಳಗೆ ಅಕ್ಯುಪಂಕ್ಚರಿನ ಸಣ್ಣ ಸೂಜಿ ಚುಚ್ಚಿದರು. ಹಸಿವಿಗೆಂದು ಬರೆದ ಕಷಾಯವನ್ನು ಮೊದಲು ಆಸ್ಪತ್ರೆಯ ಡಾಕ್ಟರಿಗೆ ತೋರಿಸಿ ಬರಲು ಹೇಳಿದರು. ಆ ಡಾಕ್ಟರಮ್ಮ ಒಂದು ಬೇರು ಬೇಡವೆಂದಾಗ ಫಾನ್ ವೈದ್ಯರು ಮರುಮಾತಾಡದೆ ಅದನ್ನು ಚೀಟಿಯಿಂದ ಹೊಡೆದುಹಾಕಿದರು.

ಯೂಲಾನ್ ಎದ್ದು ಕೂತಳು, ಸಾರು ಕುಡಿದಳು. ಆದರೆ ಮದ್ದು ಮುಗಿಯುವಷ್ಟರಲ್ಲಿ ಅದರದೇ ಅಡ್ಡಪರಿಣಾಮದಿಂದ ಬೆರಳುಗಳು ಜೋಮು ಹಿಡಿದು ಮರದ ಕಡ್ಡಿಗಳಂತಾಗಿದ್ದವು. ತಣ್ಣೀರು ಮುಟ್ಟಿದರೆ ಕರೆಂಟು ಹೊಡೆದಂತೆ. ಹಲಗೆಯ ಮುಂದೆ ನಿಂತು ಹಿಟ್ಟು ಎಳೆದರೆ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದೇ ತಿಳಿಯದು. ಹಿಟ್ಟು ನಡುವೆಯೇ ಹರಿದು ಬಿತ್ತು. ಕೂಲಿಗೆ ಬಂದವನೊಬ್ಬ ಹಲಗೆ ಹಿಡಿದ, ಅವಳು ಗಲ್ಲಾದಲ್ಲಿ ಕೂತಳು.

“ಏನಕ್ಕ, ದಾರ ಮುಗೀತು ಅಂತ ಹಗ್ಗ ಬೇಯಿಸ್ತಿದೀರಾ?” ಎಂದ ಹಳೆಯ ಗಿರಾಕಿಯೊಬ್ಬ.

ಅವಳೂ ಎಲ್ಲರೊಡನೆ ನಕ್ಕಳು. ಆಮೇಲೆ ಒಳಗೆ ಹೋಗಿ ಹಿಟ್ಟಿನ ಮೂಟೆಗೆ ಒರಗಿ ಅತ್ತಳು. ಕ್ಯಾನ್ಸರ್ ಎಂದಾಗಲೂ ಹಾಗೆ ಅತ್ತಿರಲಿಲ್ಲ.

“ಬದುಕಿದೀಯಲ್ಲ, ಸಾಲದಾ?” ಎಂದ ದೆಶೆಂಗ್.

“ಸಾಲದು.”

ಫಾನ್ ವೈದ್ಯರು ಈ ಸಲ ಕೈಹಿಡಿದು ಒಂದೊಂದೇ ಬೆರಳ ತುದಿ ಒತ್ತಿ ನೋಡಿದರು. “ಪ್ರಯತ್ನ ಮಾಡೋಣ. ಮಾತು ಕೊಡಲ್ಲ,” ಎಂದರು. ಚಳಿಗಾಲವಿಡೀ ಬೆರಳ ಸಂದುಗಳಿಗೆ, ಮುಂಗೈಗೆ ಸೂಜಿ ಹಾಕಿದರು. ಮನೆಗೆ ಬಂದು ಅವಳು ಗಿಡಮೂಲಿಕೆಯ ಬೆಚ್ಚನೆಯ ನೀರಿನಲ್ಲಿ ಕೈ ಅದ್ದಿ ಕೂತಳು, ಆಮೇಲೆ ಮುಷ್ಟಿಯಷ್ಟು ಹಿಟ್ಟು ತೆಗೆದುಕೊಂಡು ಎಳೆದಳು. ಹರಿಯಿತು. ಮತ್ತೆ ಎಳೆದಳು. ವಸಂತದ ಧೂಳುಗಾಳಿ ಏಳುವ ಹೊತ್ತಿಗೆ ಹೆಬ್ಬೆರಳಿಗೆ ಹಿಟ್ಟಿನ ತಂಪು ತಿಳಿಯಿತು. ನಂತರ ತೋರುಬೆರಳಿಗೆ, ನಡುಬೆರಳಿಗೆ. ಕಿರುಬೆರಳು ಮಾತ್ರ ಇಂದಿಗೂ ಮರವೇ.

“ಸೂಜಿಯಿಂದ ಆಗಿದ್ದೆಷ್ಟು, ತಾನಾಗೇ ವಾಸಿಯಾಗಿದ್ದೆಷ್ಟು, ನನಗೂ ಗೊತ್ತಿಲ್ಲ,” ಎಂದರು ವೈದ್ಯರು.

ಯೂಲಾನ್ ಹಲಗೆಗೆ ಮರಳಿದ ದಿನ ಭಾವನೂ ಬಂದ. ತುಂಬಿದ ಅಂಗಡಿಯಲ್ಲಿ ಎಲ್ಲರಿಗೂ ಕೇಳುವಂತೆ, “ನೋಡಿದ್ರಾ? ಕ್ಯಾನ್ಸರ್ ಗೆದ್ದಿದ್ದು ನಮ್ಮ ನಾಟಿ ವೈದ್ಯ! ನಾನು ಅವತ್ತೇ ಹೇಳಿದ್ದೆ,” ಎಂದ.

ಯೂಲಾನ್ ಹಿಟ್ಟನ್ನು ಹಲಗೆಗೆ ಪಟ್ಟನೆ ಬಡಿದಳು.

“ಭಾವ, ಊಟಕ್ಕೆ ಬಂದಿದೀರಿ, ಹೊಟ್ಟೆ ತುಂಬ ತಿನ್ನಿ. ಸುಳ್ಳು ಬಡಿಸ್ಬೇಡಿ. ಗಡ್ಡೆ ತೆಗೆದಿದ್ದು ಆಸ್ಪತ್ರೆ ಕತ್ತರಿ, ಮತ್ತೆ ಬರದಂಗೆ ಕಾಯ್ತಿರೋದು ಆ ಮದ್ದು. ಹೊಟ್ಟೆಗೆ ಊಟ ಸೇರಿಸಿದ್ದು, ಈ ಕೈ ನನಗೆ ವಾಪಸ್ ಕೊಟ್ಟಿದ್ದು ಫಾನ್ ಡಾಕ್ಟ್ರು. ನಿಮ್ಮ ಪುಡಿ ನಂಬಿದ್ದಿದ್ರೆ ಇವತ್ತು ನೀವು ನನ್ನ ಗೋರಿ ಮುಂದೆ ದುವಾ ಓದ್ತಿದ್ರಿ.”

ಅಂಗಡಿ ಗೊಳ್ಳೆಂದಿತು. ಭಾವ ಮೆಣಸಿನೆಣ್ಣೆ ಹೆಚ್ಚಾಯಿತೆಂಬಂತೆ ಕೆಮ್ಮಿದ.

ಮೂಲೆಯಲ್ಲಿ ಕೂತಿದ್ದ ಫಾನ್ ವೈದ್ಯರು ಅವಳ ಬೆರಳಿಗೆ ಶ್ರಮವಾಗದಿರಲೆಂದು, “ನನಗೆ ಅಗಲದ ಎಳೆ ಸಾಕಮ್ಮ,” ಎಂದರು.

“ಕನಿಕರಾನಾ? ನನ್ನ ಅಂಗಡೀಲಿ ಅದು ಸಿಗಲ್ಲ.”

ಅವಳು ಹಿಟ್ಟನ್ನು ಎತ್ತಿ, ಎಳೆದು, ಮಡಚಿ, ಮತ್ತೆ ಎಳೆದಳು. ಕೊನೆಯ ಮಡಿಕೆಯಲ್ಲಿ ಒಂದು ಬದಿ ಹರಿಯಿತು. ಬೈದುಕೊಂಡು ಅದನ್ನು ಪಕ್ಕಕ್ಕೆಸೆದು ಹೊಸ ಉಂಡೆ ತೆಗೆದುಕೊಂಡಳು. ಈ ಸಲ ಎಳೆಗಳು ಕೂದಲಿನಂತೆ ತೂಗಾಡುತ್ತ ಕುದಿನೀರಿಗೆ ಇಳಿದವು. ಬಟ್ಟಲನ್ನು ತಾನೇ ಒಯ್ದು ವೈದ್ಯರ ಮುಂದಿಟ್ಟು, ಸೊಂಟದ ಮೇಲೆ ಕೈಯಿಟ್ಟು, ಅವರು ಮೊದಲ ತುತ್ತು ಬಾಯಿಗಿಡುವವರೆಗೂ ಅಲ್ಲೇ ನಿಂತಳು.