ಉತ್ತರಕ್ಕೆ ಮುಂಚಿನ ಉಸಿರು

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ನಾವು ಆರು ಹುಡುಗಿಯರು ಒಂದು ಕಂಪನಿಗಾಗಿ ಕನ್ನಡ ವಿಡಿಯೊಗಳನ್ನು ನೋಡಿ, ಜಾಹೀರಾತು ಎಲ್ಲಿ ಬರಬೇಕೆಂದು ಗುರುತು ಹಾಕುತ್ತಿದ್ದೆವು. ಮೊದಮೊದಲು ಮಾತು ಮುಗಿದ ಮೇಲೆಯೇ ಹಾಕಿದೆವು. ಪುರಾಣದ ನಡುವೆ ಎದ್ದು ಹೋಗಬಾರದು ಎಂದು ಕೇಳುತ್ತಲೇ ಬೆಳೆದವರು ನಾವು. ಕಂಪನಿಯವರು ಒಪ್ಪಲಿಲ್ಲ. ಮಾತು ಮುಗಿದರೆ ಜನ ಹೋಗಿಬಿಡುತ್ತಾರೆ, ಉತ್ತರಕ್ಕೆ ಮುಂಚಿನ ಉಸಿರಿನಲ್ಲಿ ಹಾಕಿ ಎಂದರು. ಆ ಉಸಿರು ನನಗೆ ಬೇಗ ಸಿಗತೊಡಗಿತು.

ನಮ್ಮ ಗುರುತುಗಳನ್ನು ನೋಡಿಯೇ ಅವರ ಯಂತ್ರ ಕಲಿಯಿತು. ಕಂಪನಿ ಹತ್ತಾರು ಭಾಷೆಗಳಿಗೆ ಬೆಳೆಯಿತು, ನಮ್ಮ ಕಚೇರಿಗೆ ಬೀಗ ಬಿತ್ತು. ತಿಂಗಳಾಯಿತು, ಮನೆಯಲ್ಲಿ ಹೇಳಿಲ್ಲ. ದಿನವೂ ಬುತ್ತಿ ತೆಗೆದುಕೊಂಡು ಹೊರಟು, ಗ್ರಂಥಾಲಯದಲ್ಲಿ ಕೂತು ಬರುತ್ತೇನೆ.

ನಿನ್ನೆ ಸಂಜೆ ಅವ್ವ ಮೊಬೈಲಿನಲ್ಲಿ ಅಂದು ಬೆಳಿಗ್ಗೆಯಷ್ಟೇ ನಡೆದ ಪ್ರವಚನ ನೋಡುತ್ತಿದ್ದಳು. "ಆಗ ಆ ತಾಯಿ ಏನಂದಳು?" ಎಂದು ಕೇಳಿ ಸ್ವಾಮಿಗಳು ಉಸಿರೆಳೆದುಕೊಂಡರು. ಸಾಬೂನಿನ ಜಾಹೀರಾತು ಬಂತು. ನಾನಾದರೂ ಅಲ್ಲಿಯೇ ಹಾಕುತ್ತಿದ್ದೆ.

"ಇದು ನಿಂದ ಕೆಲಸ ಹೌದಲ್ಲ? ಬಾಯಾಗಿನ ತುತ್ತು ಕಸಗೊಂಡಂಗ ಮಾಡ್ತಿ ನೋಡವ್ವ!" ಪಕ್ಕದ ಮನೆಗೂ ಕೇಳುವ ಹಾಗೆ ಅವ್ವ ನಕ್ಕಳು.

"ಹೂಂ, ನಂದ," ಎಂದೆ.

"ನಾಳಿಗೆ ಬುತ್ತಿಗೆ ಏನ್ ಕಟ್ಲಿ?"