ಟೈಲರ್ ಮಾಸ್ಟರರ ಸೊಂಟದಳತೆ

"ನನಗೆ ಗೊತ್ತಿರೋದು ಬಟ್ಟೆ ವಿಷಯ, ಅದಕ್ಕೇ ಬಟ್ಟೆ ಲೆಕ್ಕದಲ್ಲೇ ಹೇಳ್ತೀನಿ. ಆಸ್ಪತ್ರೇಲಿ ನನ್ನ ಎದೆ ಬಿಚ್ಚಿದ್ರು, ಹೃದಯದಲ್ಲಿ ಕೆಟ್ಟಿದ್ದ ವಾಲ್ವ್ ತೆಗೆದು ಹೊಸದು ಹಾಕಿದ್ರು, ಮತ್ತೆ ಹೊಲಿದ್ರು. ಹೊಲಿಗೆ ಪರವಾಗಿಲ್ಲ, ನಾನಾಗಿದ್ರೆ ಇನ್ನೂ ಸಣ್ಣದಾಗಿ ಹಾಕ್ತಿದ್ದೆ. ಎಲ್ಲ ಸರಿಹೋಯ್ತು ಅಂತ ಬೀದಿಯವರೆಲ್ಲ ಹೇಳಿದ್ರು, ನಾನೂ ನಂಬಿದೆ. ಆದ್ರೆ ಆ ಹಳೇ ವಾಲ್ವ್ ವರ್ಷಗಟ್ಟಲೆ ರಕ್ತಾನ ಹಿಂದಕ್ಕೆ, ಶ್ವಾಸಕೋಶದ ಕಡೆಗೇ ತಳ್ಳಿ ತಳ್ಳಿ, ಅಲ್ಲಿನ ನಾಳಗಳೆಲ್ಲ ದಪ್ಪಗಟ್ಟಿ ಬಿಗಿದುಹೋಗಿದ್ವಂತೆ. ನೀರಿಗೆ ಬಿದ್ದು ಕುಗ್ಗಿದ ಬಟ್ಟೆ ಇರುತ್ತಲ್ಲ, ಹಾಗೆ. ಎಷ್ಟು ಇಸ್ತ್ರಿ ಎಳೆದ್ರೂ ಮೊದಲಿನ ಅಳತೆಗೆ ಬರಲ್ಲ. ಹಾಗಂತ ಎಸೆಯೋಕಾಗುತ್ತಾ? ಇರೋದ್ರಲ್ಲೇ ಏನಾಗುತ್ತೋ ಹೊಲೀಬೇಕು."

ಹೀಗೆ ಹೇಳುವ ಟೈಲರ್‌ಗೆ ಐವತ್ತೆಂಟು ವರ್ಷ. ಎಲ್ಲರ ಬಾಯಲ್ಲೂ ಅವರು ಮಾಸ್ಟರ್. ಅಂಗಡಿ ಮೊದಲ ಮಹಡಿಯಲ್ಲಿ, ಹತ್ತೊಂಬತ್ತು ಮೆಟ್ಟಿಲು ಮೇಲೆ. ಕಿಟಕಿಯ ಬೆಳಕಿಗೆ ಕತ್ತರಿಸುವ ಮೇಜು, ಪಕ್ಕದಲ್ಲಿ ಅವರ ಮಷಿನ್, ಮೂಲೆಯಲ್ಲಿ ಗುಂಡಿ ತೂರುವ ಕಾಜ ಹಾಕುತ್ತ, ಗುಂಡಿ ಹೊಲಿಯುತ್ತ ಅವರ ಹೆಂಡತಿ. ಕಕ್ಕಸು ಮಾತ್ರ ಕೆಳಗೆ, ಹಿಂಭಾಗದಲ್ಲಿ. ಎಲ್ಲ ಅವಾಂತರವೂ ಅಲ್ಲಿಂದಲೇ ಶುರುವಾದದ್ದು.

ಆಪರೇಷನ್ ಆಗಿ ನಾಲ್ಕನೇ ತಿಂಗಳಿಗೆ ಮಾಸ್ಟರ್ ಅಂಗಡಿಗೆ ಬಂದು ಕೂತರು. ಮೈಯ ನೀರು ಇಳಿಸುವ ಮಾತ್ರೆಯೊಂದನ್ನು ದಿನಾ ಬೆಳಗ್ಗೆ ನುಂಗಬೇಕಿತ್ತು. ಒಂಬತ್ತಕ್ಕೆ ನುಂಗಿದರೆ ಮಧ್ಯಾಹ್ನದೊಳಗೆ ನಾಲ್ಕು ಸಲ ಕೆಳಗಿಳಿದು ಹತ್ತಬೇಕು. ಪ್ರತಿ ಸಲವೂ ಮೆಟ್ಟಿಲ ಅರ್ಧ ದಾರಿಗೇ ಉಸಿರು ಗಂಟಲಿಗೆ ಬರುತ್ತಿತ್ತು. ಮಾಸ್ಟರ್ ಯಾರಿಗೂ ಹೇಳದೆ ಆ ಮಾತ್ರೆ ಬಿಟ್ಟರು.

ಕೆಲವೇ ದಿನಕ್ಕೆ ಪ್ಯಾಂಟು ಬಿಗಿಯಾಯಿತು. ಮಲಗಿ ಉಂಡದ್ದಕ್ಕೆ ಮೈ ಬಂದಿದೆ ಎಂದುಕೊಂಡರು. ಬೇರೆಯವರಾಗಿದ್ದರೆ ಗುಂಡಿ ಬೀಳದಾಗ ಗಾಬರಿಯಾದರೂ ಆಗುತ್ತಿದ್ದರು. ಇವರ ಕೈಯಲ್ಲೇ ಕತ್ತರಿಯಿತ್ತು. ಪ್ಯಾಂಟಿನ ಹಿಂಭಾಗದ ಹೊಲಿಗೆ ಬಿಚ್ಚಿ ಒಂದಿಂಚು ಸಡಿಲ ಮಾಡಿದರು. ಎರಡು ವಾರಕ್ಕೆ ಇನ್ನೊಂದಿಂಚು.

ಆ ಪ್ಯಾಂಟಿಗೆ ಇಸ್ತ್ರಿ ಮಾಡುವಾಗ ಹೆಂಡತಿಯ ಕಣ್ಣಿಗೆ ಹಳೆಯ ಸೂಜಿ ತೂತುಗಳ ಎರಡು ಸಾಲು ಬಿದ್ದವು. ಆಕೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಅಳತೆ ಪುಸ್ತಕದಲ್ಲಿ ಗಂಡನದೇ ಹಳೆಯ ಅಳತೆ ಹುಡುಕಿ, ಟೇಪ್ ಹಿಡಿದು ಅವರನ್ನು ಗಿರಾಕಿಯ ಹಾಗೆ ನೆಟ್ಟಗೆ ನಿಲ್ಲಿಸಿದಳು. ಪಾದದ ಗಂಟಿನ ಹತ್ತಿರ ಬೆರಳಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಿತು.

"ಮೈ ಬಂದ್ರೆ ತೋಳಿಗೂ ಬರ್ಬೇಕಲ್ಲ ರೀ? ತೋಳು ಅರ್ಧ ಇಂಚು ಇಳಿದಿದೆ, ಸೊಂಟ ಎರಡೂವರೆ ಏರಿದೆ. ಇದ್ಯಾವ ಸೀಮೆ ಕೊಬ್ಬು?"

ಮಾಸ್ಟರ್ ತಲೆ ತಗ್ಗಿಸಿ ಉಳಿದ ಹಳೇ ಗುಂಡಿಗಳ ಡಬ್ಬಿಯ ಕಡೆ ಕೈ ತೋರಿಸಿದರು. ಬಿಳಿ ಗುಂಡಿಗಳ ನಡುವೆ ನುಂಗದ ಬಿಳಿ ಮಾತ್ರೆಗಳಿದ್ದವು. ಆಕೆ ಒಂದೊಂದನ್ನೇ ಆರಿಸಿ ಮೇಜಿನ ಮೇಲಿಟ್ಟಳು.

"ಇವಕ್ಕೂ ಕಾಜ ಹಾಕ್ಲಾ?"

ಅವತ್ತೇ ಆಸ್ಪತ್ರೆಗೆ ಹೊರಟರು. ಪರೀಕ್ಷೆಗಳಾದವು. ಹೊಸ ವಾಲ್ವ್ ಚೆನ್ನಾಗಿದೆ, ಶ್ವಾಸಕೋಶದ ನಾಳಗಳ ಒತ್ತಡ ಮಾತ್ರ ಇಳಿದಿಲ್ಲ, ಹೃದಯದ ಬಲಭಾಗ ಅದರೆದುರು ಹೆಣಗುತ್ತಿದೆ, ಮೈಗೆ ಏರಿದ್ದು ಬರೀ ನೀರು ಎಂದರು ಡಾಕ್ಟರಮ್ಮ. ಪೂರ್ತಿ ವಾಸಿಯಾಗುತ್ತದೆ ಎಂಬ ಮಾತು ಅವರು ಕೊಡಲಿಲ್ಲ. ಔಷಧಿ ಬದಲಿಸಿ, ತಿಂಗಳೊಳಗೆ ನೀರಿಳಿದರೆ ದಿನಕ್ಕೆ ಒಂದೇ ಸಲ ಮೆಟ್ಟಿಲು ಹತ್ತಬಹುದು, ಇಲ್ಲದಿದ್ದರೆ ಅಂಗಡಿಯ ಆಸೆ ಬಿಡಬೇಕು ಎಂದರು.

ಹೆಂಡತಿಯ ತಮ್ಮ ಅಷ್ಟು ದಿನ ಕಾಯುವವನಲ್ಲ. "ಸಾಕು ಭಾವ, ಅಂಗಡಿಗೆ ಬೀಗ ಹಾಕಿ ಮನೇಲಿ ಕೂತ್ಕೊಳ್ಳಿ," ಎಂದ.

"ನಂದು ಕೂತ್ಕೊಂಡು ಮಾಡೋ ಕೆಲ್ಸಾನೇ ಕಣಯ್ಯಾ," ಎಂದರು ಮಾಸ್ಟರ್. "ಅಲ್ಲೇ ಕೂತಿರ್ತೀನಿ."

ಆದರೆ ಒಂದೇ ಸಲ ಹತ್ತುವುದೆಂದರೆ ಕಕ್ಕಸಿಗೇನು ಗತಿ? ಮಾಸ್ಟರ್ ನಾಚಿಕೆ ಬಿಟ್ಟು ಡಾಕ್ಟರಮ್ಮನಿಗೆ ಎಲ್ಲ ಹೇಳಿದರು. ಅವರು ನಕ್ಕು, ಬೆಳಗ್ಗೆ ಆರಕ್ಕೇ ಮಾತ್ರೆ ನುಂಗಿ, ಅದರ ಜೋರು ಮನೆಯಲ್ಲೇ ಮುಗಿಯಲಿ, ಇದನ್ನು ಮೊದಲೇ ಕೇಳಬಾರದಿತ್ತೇ ಎಂದರು.

ಆ ತಿಂಗಳು ಮಾಸ್ಟರ್ ಮನೆಯಲ್ಲೇ ಉಳಿದರು. ಬೆಳಗ್ಗೆ ಎದ್ದು ತೂಕ ನೋಡುವುದು, ಪಾದದ ಗಂಟಿಗೆ ಟೇಪ್ ಸುತ್ತುವುದು, ಎರಡನ್ನೂ ಅಳತೆ ಪುಸ್ತಕದಲ್ಲಿ ಬರೆಯುವುದು. ಉಪ್ಪು ಕಡಿಮೆಯಾದ ಊಟವನ್ನು ಗೊಣಗುತ್ತಲೇ ಉಂಡರು. ಆರು ಕಿಲೋ ನೀರಿಳಿಯಿತು. ಅಂಗಡಿಗೆ ಹೋಗಲು ಡಾಕ್ಟರಮ್ಮ ಹೂಂ ಎಂದರು.

ಈಗ ಅಂಗಡಿ ತೆರೆಯುವುದು ಹನ್ನೊಂದೂವರೆಗೆ. ಮಾಸ್ಟರ್ ದೊಡ್ಡ ಆಫೀಸರಾಗಿಬಿಟ್ಟರು ಎಂದು ಗಿರಾಕಿಗಳು ಚುಚ್ಚುತ್ತಾರೆ. ಐದು, ಹತ್ತು, ಹದಿನೈದನೇ ಮೆಟ್ಟಿಲಿಗೆ ಟೈಲರ್ ಚಾಕಿನ ಗೆರೆಯಿದೆ. ಗೆರೆ ಬಂದಲ್ಲಿ ನಿಲ್ಲಲೇಬೇಕು. ಏದುಸಿರು ಬಂದ ಮೇಲೆ ನಿಲ್ಲುವುದಲ್ಲ, ಬರುವ ಮುಂಚೆ. ಕೆಲವು ದಿನ ಮೊದಲ ಗೆರೆಯಲ್ಲೇ ತಲೆ ಸುತ್ತಿದಂತಾಗುತ್ತದೆ. ಅಂಥ ದಿನ ಮರುಮಾತಿಲ್ಲದೆ ಮನೆಗೆ ಹಿಂತಿರುಗುತ್ತಾರೆ, ಹೆಂಡತಿಯೂ ಜೊತೆಗೆ. ಮರುದಿನ ಮತ್ತೆ ಬರುತ್ತಾರೆ.

ಇವತ್ತು ಮೂರೂ ಗೆರೆ ದಾಟಿ ಮೇಲೆ ಬಂದರು. ಸಡಿಲವಾದ ಪ್ಯಾಂಟನ್ನು ಒಂದು ಕೈಯಲ್ಲಿ ಎಳೆದುಕೊಂಡು ಸ್ಟೂಲಿನ ಮೇಲೆ ಕೂತರು. ಬಿಚ್ಚಿದ್ದನ್ನು ಮತ್ತೆ ಒಳಗೆ ಹಿಡಿದು ಹೊಲಿಯಬೇಕು, ಆದರೆ ಗಿರಾಕಿಯ ಬಟ್ಟೆ ಮೊದಲು. ಹೆಂಡತಿ ನೆಲದ ದಾರದ ಚೂರು ಗುಡಿಸುತ್ತಿದ್ದಳು. ಉಸಿರು ಹದಕ್ಕೆ ಬಂದ ಮೇಲೆ ಮಾಸ್ಟರ್ ಎಣ್ಣೆ ಡಬ್ಬಿ ತೆಗೆದು ಮಷಿನ್ನಿಗೆ ಎರಡು ತೊಟ್ಟು ಬಿಟ್ಟರು, ಚಕ್ರವನ್ನು ಕೈಯಿಂದ ಒಮ್ಮೆ ತಿರುಗಿಸಿದರು, ಹೊರಗೆ ಸೋರಿದ ಎಣ್ಣೆಯನ್ನು ಚಿಂದಿಯಿಂದ ಒರೆಸತೊಡಗಿದರು.